ಮನಸ್ಸಿನ ಕಾಯಿಲೆಗೆ ಭ್ರಮೆಯ ಔಷಧ

ಎಲ್‌ಎಸ್‌ಡಿ ಎಂದೊಡನೆ ನಮಗೆ ನೆನಪಾಗುವುದು ಪೊಲೀಸರು ಹಿಡಿದ ಮಾಲಿನ ಸುದ್ದಿ. ಆದರೆ ಅದು ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಔಷಧ ಕಂಪನಿಯಲ್ಲಿ. ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ತಯಾರಿಸಿದ್ದ ಈ ವಸ್ತುವಿನ ಭ್ರಮೆ ಹುಟ್ಟಿಸುವ ಗುಣ ಅವರಿಗೇ ತಿಳಿದದ್ದು 1943ರಲ್ಲಿ. ಮುಂದಿನ ದಶಕದಲ್ಲಿ ಮನೋವೈದ್ಯರು ಇದನ್ನು ಕುಡಿತದ ಚಟಕ್ಕೆ, ಆತಂಕಕ್ಕೆ ಕೊಟ್ಟು ನೋಡಿದರು. ಭರವಸೆ ದೊಡ್ಡದಿತ್ತು, ಪುರಾವೆ ತೆಳುವಾಗಿತ್ತು. ವಸ್ತು ಬೀದಿಗಿಳಿಯಿತು. 1971ರ ವಿಶ್ವಸಂಸ್ಥೆಯ ಒಪ್ಪಂದ, ನಮ್ಮ 1985ರ ಮಾದಕವಸ್ತು ಕಾಯ್ದೆ ಚಟದ ಜೊತೆಗೆ ಸಂಶೋಧನೆಯನ್ನೂ ಕಟ್ಟಿಹಾಕಿದವು.

ಬಾಗಿಲು ಮತ್ತೆ ತೆರೆದದ್ದು ಕೆಟಮಿನ್. 1962ರಲ್ಲಿ ತಯಾರಾದ ಅರಿವಳಿಕೆ ಅದು. ಎಲ್‌ಎಸ್‌ಡಿಯ ಜಾತಿಯದಲ್ಲ, ಆದರೂ ಸ್ವಲ್ಪ ಹೊತ್ತು ಇಹದ ಪರಿವೆ ತಪ್ಪಿಸುತ್ತದೆ. ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಖಿನ್ನತೆ ದಿನಗಳಲ್ಲೇ ಇಳಿಯುತ್ತದೆಂದು 2000ದಲ್ಲಿ ಅಮೆರಿಕದ ಯೇಲ್ ವೈದ್ಯರ ಪುಟ್ಟ ಪ್ರಯೋಗ ತೋರಿಸಿತು. ಭ್ರಮೆ ಹುಟ್ಟಿಸುವ ಅಣಬೆಯಲ್ಲಿರುವ ಸಿಲೋಸೈಬಿನ್ ಬಗ್ಗೆ 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೇರೆ ಔಷಧಗಳಿಗೆ ಬಗ್ಗದ 233 ಖಿನ್ನತೆಯ ರೋಗಿಗಳಿದ್ದರು. 25 ಮಿಲಿಗ್ರಾಂ ಪಡೆದವರಲ್ಲಿ ಮೂರು ವಾರಕ್ಕೆ ಶೇ. 37 ಮಂದಿಯ ಖಿನ್ನತೆ ಗಣನೀಯವಾಗಿ ಇಳಿಯಿತು. ಹನ್ನೆರಡನೇ ವಾರದವರೆಗೆ ಆ ಗುಣ ಉಳಿದದ್ದು ಶೇ. 20ರಷ್ಟು ಮಂದಿಯಲ್ಲಿ. ಇದು ಪವಾಡವಲ್ಲ; ಹಾಗೆಂದು ತಳ್ಳಿಹಾಕುವಂಥದ್ದೂ ಅಲ್ಲ. ರೋಗಿಗೆ ತಾನು ಪಡೆದದ್ದು ಅಸಲಿಯೋ ಹುಸಿಯೋ ಗೊತ್ತಾಗಿಬಿಡುತ್ತದೆ, ಹಾಗಾಗಿ ನಂಬಿಕೆಯೇ ಗುಣ ಮಾಡಿರಬಹುದು ಎಂಬ ಆಕ್ಷೇಪವೂ ಸರಿಯೇ. 2024ರಲ್ಲಿ ಅಮೆರಿಕ ಎಂಡಿಎಂಎ ಎಂಬ ಇನ್ನೊಂದು ಮಾದಕವಸ್ತುವಿನ ಚಿಕಿತ್ಸೆಗೆ ಅನುಮತಿ ನಿರಾಕರಿಸಿದಾಗ ಅಲ್ಲಿನ ತಜ್ಞರ ಮುಂದಿದ್ದ ಸಂಶಯಗಳಲ್ಲಿ ಇದೂ ಒಂದು.

ವೈ.ಎನ್.ಹೊಸಕೋಟೆಯಂಥ ಸಣ್ಣ ಊರಿಗೆ ಇದರಿಂದೇನು ಎಂದು ಕೇಳಬಹುದು. 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಸಾಮಾನ್ಯ ಮನೋರೋಗ ಇರುವವರಲ್ಲಿ ಸುಮಾರು ಶೇ. 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿಲ್ಲ. ಹಳೆಯ ಅಗ್ಗದ ಮಾತ್ರೆಯೂ ತಲುಪದ ಕಡೆಗೆ ಹೊಸದೇಕೆ? ಪ್ರಶ್ನೆ ನ್ಯಾಯವಾದದ್ದು. ಈ ಔಷಧಗಳಲ್ಲಿ ಗುಳಿಗೆಗಿಂತ ದುಬಾರಿಯಾದದ್ದು ಮನುಷ್ಯರ ಹೊತ್ತು: ಸಿಲೋಸೈಬಿನ್ ಕೊಟ್ಟ ದಿನ ತರಬೇತಾದವರು ಗಂಟೆಗಟ್ಟಲೆ ರೋಗಿಯ ಬಳಿ ಕೂರಬೇಕು. ಇದನ್ನು ಮರೆತ ಕಡೆ ಔಷಧವೇ ಅಪಾಯವಾಗುತ್ತದೆ, ಅದರಲ್ಲೂ ಸ್ಕಿಜೋಫ್ರೇನಿಯಾದ ಹಿನ್ನೆಲೆ ಇರುವವರಿಗೆ. ಆದ್ದರಿಂದ ಹೊಸ ಔಷಧಕ್ಕೂ ಬೇಕಾದದ್ದು 1985ರ ಸುಮಾರಿಗೆ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಕಟ್ಟಿದ ವ್ಯವಸ್ಥೆಯೇ: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವ ತರಬೇತಿ. ಅದು ಗಟ್ಟಿಯಾದರೆ, ಎರಡು ಬಗೆಯ ಮಾಮೂಲಿ ಔಷಧಗಳಿಗೂ ಬಗ್ಗದ ಖಿನ್ನತೆಯವರನ್ನು ಗುರುತಿಸಿ ದೊಡ್ಡ ಆಸ್ಪತ್ರೆಗೆ ಕಳಿಸಬಹುದು. ಅಲ್ಲಿಯವರೆಗೆ ಹೊಸಕೋಟೆಯ ಕೈಗೆಟುಕುವುದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ. ಕರೆ ಉಚಿತ, ಉತ್ತರ ಕನ್ನಡದಲ್ಲೇ ಸಿಗುತ್ತದೆ.