ಕಸುಬು ಬದಲಾದರೂ ಕೈ ಬದಲಾಗದು
(ಪಾಲಕರ ಸಭೆಯಲ್ಲಿ ಶಾಲೆಯ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಇಂದು ನಾವು ಆರಿಸಿಕೊಂಡ ವಿಷಯವು ಮಕ್ಕಳ ಅಭ್ಯಾಸದ್ದಲ್ಲ, ಪಾಲಕರ ಉದ್ಯೋಗದ್ದು. ನಡುವಯಸ್ಸಿನಲ್ಲಿ ಕೆಲಸವು ತಪ್ಪಿದರೆ, ಇಲ್ಲವೆ ಬದಲಿಸಬೇಕಾಗಿ ಬಂದರೆ, ಮನುಷ್ಯನು ಏನು ಮಾಡಬೇಕು, ಅವನಿಗೆ ಯಾರು ನೆರವಾಗಬೇಕು ಎಂಬುದೇ ಆ ವಿಷಯ. ಮನೆಯಲ್ಲಿ ತಂದೆಯ ಮುಖ ಬಾಡಿದರೆ ವರ್ಗದಲ್ಲಿ ಮಗುವಿನ ಲೆಕ್ಕ ತಪ್ಪುತ್ತದೆ. ಆದುದರಿಂದ ಇದು ಶಾಲೆಗೆ ಸಂಬಂಧಿಸದ ಮಾತೆಂದು ತಾವು ಭಾವಿಸಬಾರದು.

ಇದಕ್ಕೆ ದೃಷ್ಟಾಂತವನ್ನು ದೂರದಿಂದ ತರಬೇಕಾಗಿಲ್ಲ. ಮಿರಜದ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಈ ವಾದ್ಯಗಳನ್ನು ಮಾಡುವ ಮನೆತನಗಳ ಹಿರಿಯರು ಶಿಕಲಗಾರರು, ಎಂದರೆ ಖಡ್ಗ ಮೊದಲಾದ ಆಯುಧಗಳನ್ನು ಮಸೆದು ಹೊಳಪೇರಿಸುವವರು. ಇಂಗ್ಲಿಷರ ಆಳಿಕೆ ನೆಲೆಗೊಂಡಂತೆ ಆಯುಧಗಳಿಗೆ ಗಿರಾಕಿ ಇಲ್ಲದಾಯಿತು. 19ನೆಯ ಶತಮಾನದ ನಡುವಿನಲ್ಲಿ ಫರೀದಸಾಹೇಬರಂಥವರು ವಾದ್ಯಗಳತ್ತ ತಿರುಗಿದರು. ಖಡ್ಗಕ್ಕೂ ತಂಬೂರಿಗೂ ಏನು ಸಂಬಂಧವೆಂದು ಕೇಳಬಹುದು. ತಂಬೂರಿಯ ತಂತಿಗಳನ್ನು ಹೊತ್ತ ಕುದುರೆಯ ಮೇಲ್ಮೈಯನ್ನು ಕೂದಲೆಳೆಯಷ್ಟು ಉಜ್ಜಿ ಉಜ್ಜಿ ಹದಮಾಡಿದಾಗಲೇ ನಾದವು ಝೇಂಕರಿಸುತ್ತದೆ. ಇದಕ್ಕೆ ಜವಾರಿ ಎನ್ನುತ್ತಾರೆ. ಅಲಗನ್ನು ಮಸೆದು ಪಳಗಿದ ಕೈಗೆ ಈ ಸೂಕ್ಷ್ಮವು ಪರಕೀಯವಲ್ಲ. ಹೊಸತಾಗಿ ಬೇಕಾದುದು ಸ್ವರಜ್ಞಾನ. ಅದಕ್ಕೆ ಗಾಯಕರ ಕಿವಿಯೇ ಒರೆಗಲ್ಲು. ಕೈ ಹಳೆಯದು, ಕಿವಿ ಹೊಸದು. ಎರಡೂ ಕೂಡಿದಾಗ ಮಿರಜಕ್ಕೆ ಕೀರ್ತಿ ಬಂದಿತು.

ಇನ್ನೊಂದು ದೃಷ್ಟಾಂತವು ಇದೇ ಜಿಲ್ಲೆಯ ಕಿರ್ಲೋಸ್ಕರವಾಡಿಯದು. ಲಕ್ಷ್ಮಣರಾವ ಕಿರ್ಲೋಸ್ಕರರು 1869ರಲ್ಲಿ ಕನ್ನಡ ನಾಡಿನ ಗುರ್ಲಹೊಸೂರಿನಲ್ಲಿ ಜನಿಸಿದರು. ಚಿತ್ರಕಾರರಾಗಬೇಕೆಂದು ಮುಂಬಯಿಗೆ ಹೋದರು. ಬಣ್ಣಗಳ ಭೇದವು ತಮ್ಮ ಕಣ್ಣಿಗೆ ಸರಿಯಾಗಿ ತಿಳಿಯದೆಂದು ಗೊತ್ತಾದಾಗ, ಕುಂಚವನ್ನು ಬಿಟ್ಟು ಯಂತ್ರಗಳ ನಕ್ಷೆ ತೆಗೆಯುವುದನ್ನು ಕಲಿತು ಶಿಕ್ಷಕರಾದರು. ಬರಬೇಕಾದ ಬಡ್ತಿಯು ಬಾರದಿದ್ದಾಗ ಆ ಕೆಲಸವನ್ನೂ ಬಿಟ್ಟರು. ಆದರೆ ಕಣ್ಣುಮುಚ್ಚಿ ಹಾರಲಿಲ್ಲ. ಸಂಬಳ ಬರುತ್ತಿದ್ದಾಗಲೇ ಅಣ್ಣ ರಾಮುವಣ್ಣನವರೊಡನೆ ಬೆಳಗಾವಿಯಲ್ಲಿ ಸೈಕಲ್ಲುಗಳ ವ್ಯಾಪಾರವನ್ನು ಆರಂಭಿಸಿದ್ದರು. ಮುಂದೆ ಕಬ್ಬಿಣದ ನೇಗಿಲನ್ನು ಮಾಡಿದರೆ, ಅದು ನೆಲಕ್ಕೆ ವಿಷವೆಂದು ರೈತರು ಶಂಕಿಸಿದರು. ಬೆಳಗಾವಿಯಲ್ಲಿ ಕಾರಖಾನೆಯ ಜಾಗವನ್ನು ಬಿಡಬೇಕಾಗಿ ಬಂದಾಗ, ಔಂಧದ ಅರಸರು ಕುಂಡಲದ ಬಳಿ ಭೂಮಿಯನ್ನೂ ಸಾಲವಾಗಿ 10,000 ರೂಪಾಯಿಗಳನ್ನೂ ಕೊಟ್ಟರು. ಅದು 1910, ಆಗ ಲಕ್ಷ್ಮಣರಾಯರ ವಯಸ್ಸು 40. ಪಾಪಾಸುಕಳ್ಳಿಯ ಆ ಬಂಜರಿನಲ್ಲಿ, ಇಂಜಿನಿಯರಿಂಗ್ ಅಭ್ಯಾಸದಲ್ಲಿ ಸೋತ ಶಂಭುರಾವ ಜಾಂಭೇಕರರು ಯಂತ್ರವಿಶಾರದರಾದರು. ಮ್ಯಾಟ್ರಿಕ್ ದಾಟದ ಕೆ. ಕೆ. ಕುಲಕರ್ಣಿಯವರು ವ್ಯವಸ್ಥಾಪಕರಾದರು. ನೆರವು ಪಡೆದವರು ತಾವೇ ಇತರರಿಗೆ ನೆರವಾದ ಬಗೆಯಿದು.

‘ಕೆಟ್ಟು ಪಟ್ಟಣ ಸೇರು’ ಎಂದು ನಮ್ಮ ಹಿರಿಯರು ಹೇಳಿದರು. ಪಟ್ಟಣ ಸೇರಿದ ಮೇಲೆ ಯಾರ ಬಾಗಿಲಿಗೆ ಹೋಗಬೇಕೆಂಬುದನ್ನು ಗಾದೆಯು ಹೇಳುವುದಿಲ್ಲ. ಇಂದು ದೊಡ್ಡ ನಗರಗಳಲ್ಲಿ ಇದಕ್ಕೆಂದೇ ಸಲಹೆಗಾರರಿದ್ದಾರೆ. ಅವರನ್ನು ಕೋಚ್ ಎನ್ನುತ್ತಾರೆ. ಮಕ್ಕಳೇ, ಬಯಲಿನ ಕೋಚ್ ತಾನು ಓಡುವುದಿಲ್ಲ. ಓಡುವವನ ಹೆಜ್ಜೆಯನ್ನು ನೋಡಿ ತಿದ್ದುತ್ತಾನೆ. ಉದ್ಯೋಗದ ಸಲಹೆಗಾರನೂ ಅಂತೆಯೇ. ಅವನು ತೀರ್ಪು ಕೊಡುವುದಿಲ್ಲ, ಪ್ರಶ್ನೆ ಕೇಳುತ್ತಾನೆ: ನಿಮ್ಮ ಕೈಗೆ ಏನು ಬರುತ್ತದೆ? ಅದು ಬೇರೆ ಎಲ್ಲಿ ಬೇಕಾಗಿದೆ? ಹೊಸತಾಗಿ ಏನನ್ನು ಕಲಿಯಬೇಕು? ಎಷ್ಟು ತಿಂಗಳ ಸಂಸಾರದ ವೆಚ್ಚ ಗಂಟಿನಲ್ಲಿದೆ? ಮೊದಲು ಸಣ್ಣದಾಗಿ ಪರೀಕ್ಷಿಸಿ ನೋಡಬಹುದೇ?

ಸಾಂಗಲಿಯ ಅರಿಸಿನ ಪೇಟೆಯಲ್ಲಿ ಕೀರ್ದಿ-ಖಾತೆ ಬರೆದ ಗುಮಾಸ್ತನು, ಲೆಕ್ಕವು ಗಣಕಯಂತ್ರಕ್ಕೆ ಹೋಯಿತೆಂದು ತಾನು ನಿರುಪಯೋಗಿಯಾದೆನೆಂದು ತಿಳಿಯಬಾರದು. ಜಮೆ-ಖರ್ಚಿನ ತಿಳಿವಳಿಕೆ ಅವನದು. ಯಂತ್ರದ ಬಳಕೆಯನ್ನಷ್ಟೇ ಅವನು ಕಲಿಯಬೇಕು. ಮಕ್ಕಳನ್ನು ಬೆಳೆಸಲೆಂದು ಕೆಲಸ ಬಿಟ್ಟ ಮಿರಜದ ದಾದಿಗೂ ಇದೇ ಮಾತು. ಇವರು ಮೊದಲು ಮಾಡಬೇಕಾದುದು, ಕಷ್ಟವನ್ನು ಮನೆಯವರಿಂದ ಮುಚ್ಚಿಡದಿರುವುದು. ಕೆಲಸ ಹೋದುದು ಅಪಮಾನವಲ್ಲ. ಅದನ್ನು ಬಚ್ಚಿಟ್ಟು ಬಡ್ಡಿಯ ಸಾಲ ಮಾಡುವುದು ಅಪಾಯ.

ನಮ್ಮ ಸಂಸ್ಥೆಯ ಹಿತಚಿಂತಕರಲ್ಲಿ ವ್ಯಾಪಾರಿಗಳು, ವಕೀಲರು, ನಿವೃತ್ತ ಅಧಿಕಾರಿಗಳು ಇದ್ದೀರಿ. ತಿಂಗಳಿಗೆ ಒಂದು ರವಿವಾರ ಶಾಲೆಯ ಕೋಣೆಯೊಂದರಲ್ಲಿ ಕುಳಿತು, ಬಂದ ಪಾಲಕರ ಮಾತನ್ನು ಕೇಳುವಿರಾದರೆ, ಕೋಣೆಯ ಬೀಗವನ್ನು ನಾವೇ ತೆರೆದಿಡುತ್ತೇವೆ. ದೇಣಿಗೆಯಷ್ಟೇ ಪುಣ್ಯವು ಈ ಕೆಲಸದಲ್ಲಿದೆ.

ಪ್ರಿಯ ವಿದ್ಯಾರ್ಥಿಗಳೇ, ನೀವೂ ಇಂಥ ದಾರಿಯನ್ನು ದಾಟಬೇಕಾದವರೇ. ಇಲ್ಲಿ ಕನ್ನಡದಲ್ಲಿ ಕಲಿತು, ಮುಂದೆ ಮರಾಠಿ ಅಥವಾ ಇಂಗ್ಲಿಷ್ ಮಾಧ್ಯಮದ ಕಾಲೇಜಿಗೆ ಹೋದಾಗ, ಕಲಿತುದೆಲ್ಲ ಹೋಯಿತೆಂದು ಅನಿಸೀತು. ಹೋಗುವುದಿಲ್ಲ. ಕನ್ನಡದಲ್ಲಿ ತಿಳಿದ ತ್ರೈರಾಶಿಯು ಇಂಗ್ಲಿಷಿನಲ್ಲಿಯೂ ಅದೇ ಉತ್ತರವನ್ನು ಕೊಡುತ್ತದೆ. ಪದಗಳನ್ನಷ್ಟೇ ಹೊಸತಾಗಿ ಕಲಿಯಿರಿ. ತಿಳಿಯದಿದ್ದಲ್ಲಿ ಸಂಕೋಚವಿಲ್ಲದೆ ಹಿರಿಯರನ್ನು ಕೇಳಿರಿ. ಈ ಶಾಲೆಯ ಬಾಗಿಲು ನಿಮಗೆ ಅಂದೂ ತೆರೆದಿರುತ್ತದೆ.