ಅಧಿಕಾರವು ಅಮಾನತ್ತು, ಮನೆತನದ ಸೊತ್ತಲ್ಲ



ಅಧಿಕಾರದಲ್ಲಿರುವ ಅಧ್ಯಕ್ಷರ ನಿಕಟ ಬಂಧುಗಳು ಅದೇ ಪದವಿಗೆ ಸ್ಪರ್ಧಿಸುವುದನ್ನು ಗ್ವಾಟೆಮಾಲಾದ ಸಂವಿಧಾನವು ನಿಷೇಧಿಸುತ್ತದೆ. ಈ ತಡೆಯನ್ನು ದಾಟಲು 2011ರಲ್ಲಿ ಅಧ್ಯಕ್ಷ ಅಲ್ವಾರೊ ಕೊಲೊಮ್‌ರ ಪತ್ನಿ ಸಾಂಡ್ರಾ ಟೊರೆಸ್ ವಿಚ್ಛೇದನವನ್ನೇ ಪಡೆದರು. ಸಾಂವಿಧಾನಿಕ ನ್ಯಾಯಾಲಯವು ಮಣಿಯಲಿಲ್ಲ. ಪದವಿಗಾಗಿ ದಾಂಪತ್ಯವನ್ನೇ ಬಲಿಕೊಡುವುದು ಎಂತಹ ದುರಂತ!

ಪತ್ನಿಯು ಪತಿಯ ನೆರಳಲ್ಲ. ಇಸ್ಲಾಮ್ ಆಕೆಗೆ ಸ್ವಂತ ಆಸ್ತಿಯನ್ನೂ ಸ್ವಂತ ಹೊಣೆಯನ್ನೂ ನೀಡಿದೆ. ಆದ್ದರಿಂದ ಆಜೀವ ನಿಷೇಧವು ಅನ್ಯಾಯ. ಆದರೆ ಪತಿ ಗದ್ದುಗೆಯಲ್ಲಿರುವಾಗ ಸರಕಾರಿ ಯಂತ್ರವು ಆಕೆಯ ಬೆನ್ನಿಗಿರುತ್ತದೆ. ಅದು ಇತರರಿಗೆ ಅನ್ಯಾಯ. ಹಝ್ರತ್ ಉಮರ್(ರ) ಪುತ್ರ ಅಬ್ದುಲ್ಲಾರಿಗೆ ಸಮಾಲೋಚನೆಯಲ್ಲಿ ಸ್ಥಾನವಿತ್ತರು, ಖಿಲಾಫತ್ತಿನಲ್ಲಿ ಅಲ್ಲ. ಆ ಸಂಯಮವಿಲ್ಲದ ಕಡೆ ಕಾನೂನು ಬೇಕು.

ಪತಿಯ ಅಧಿಕಾರ ಮುಗಿದ ಮೇಲೆ ತೀರ್ಪು ಜನರದ್ದಾಗಲಿ. ಟೊರೆಸ್ 2015, 2019, 2023ರಲ್ಲಿ ಸ್ಪರ್ಧಿಸಿದರು. ಮೂರು ಬಾರಿಯೂ ಮತದಾರರು ತಿರಸ್ಕರಿಸಿದರು.