ಹಿಮದೊಳಗಿನ ಮೆಟ್ಟಿಲು



ವೈಶಾಖದಲ್ಲಿ ಬಂಡೆಗಳು ಕಾದು ಕೆಂಡವಾಗುವ ಮಕ್ತಲ್‌ನಲ್ಲಿ ನಿಂತು ಹಿಮದ ಮಾತೆತ್ತುವುದು ತುಸು ವಿಚಿತ್ರವೆನಿಸೀತು. ಆದರೆ ನಮ್ಮ ಶಾಲೆಯ ಹಳೆಯ ಕೊಠಡಿಯನ್ನು ಕೆಡವಿ ಹೊಸದನ್ನು ಕಟ್ಟುವ ನಿರ್ಧಾರವಾದ ದಿನದಿಂದಲೂ ದೂರದ ಫಿನ್ಲೆಂಡಿನ ಹಿಮಗೃಹವೊಂದು ನಮ್ಮನ್ನು ಕಾಡುತ್ತಿದೆ.

2004ರ ಚಳಿಗಾಲದಲ್ಲಿ ಆ ದೇಶದ ಉತ್ತರಭಾಗದ ಕೆಮಿ, ರೊವಾನಿಯೆಮಿ ಪಟ್ಟಣಗಳಲ್ಲಿ ‘ದಿ ಸ್ನೋ ಶೋ’ ಎಂಬ ಪ್ರದರ್ಶನ ನಡೆಯಿತು. ಕಲಾವಿದರೂ ವಾಸ್ತುಶಿಲ್ಪಿಗಳೂ ಜೊತೆಗೂಡಿ ಹಿಮದಿಂದಲೋ ಮಂಜುಗಡ್ಡೆಯಿಂದಲೋ ಕೃತಿ ನಿರ್ಮಿಸಬೇಕೆಂಬುದು ಅದರ ಕಟ್ಟಳೆ. ಮುಂಬಯಿಯಲ್ಲಿ ಜನಿಸಿದ ಅನೀಶ್ ಕಪೂರರೂ ಭಾಗವಹಿಸಿದ್ದರು. ನಮ್ಮನ್ನು ತಡೆದು ನಿಲ್ಲಿಸಿದ್ದು ಮಾತ್ರ ಇಂಗ್ಲೆಂಡಿನ ಶಿಲ್ಪಿ ರೇಚೆಲ್ ವೈಟ್‌ರೀಡ್ ಹಾಗೂ ಫಿನ್ಲೆಂಡಿನ ವಾಸ್ತುಶಿಲ್ಪಿ ಯುಹಾನಿ ಪಲ್ಲಾಸ್ಮಾ ಅವರ ಜೋಡಿ.

ವೈಟ್‌ರೀಡ್ ಅವರು ವಸ್ತುಗಳ ಒಳಗಿನ ಬಯಲಿನ ಅಚ್ಚು ತೆಗೆಯುವವರು. 1993ರಲ್ಲಿ ಲಂಡನ್ನಿನಲ್ಲಿ, ಕೆಡವಬೇಕಿದ್ದ ಮನೆಯೊಂದರ ಒಳಗೋಡೆಗಳಿಗೆ ಕಾಂಕ್ರೀಟು ಮೆತ್ತಿಸಿ, ಹೊರಗೋಡೆಗಳನ್ನು ಕಳಚಿ, ಒಳಾವಕಾಶವನ್ನೇ ಘನರೂಪದಲ್ಲಿ ನಿಲ್ಲಿಸಿದ್ದರು. ಮರುವರ್ಷದ ಜನವರಿಯಲ್ಲಿ ಅದೂ ನೆಲಸಮವಾಯಿತು. ಪಲ್ಲಾಸ್ಮಾ ಅವರಾದರೋ, ಕಟ್ಟಡವನ್ನು ಕಣ್ಣೊಂದರಿಂದ ಅರಿತರೆ ಸಾಲದು, ಚರ್ಮಕ್ಕೂ ಕಿವಿಗೂ ಅದು ತಾಗಬೇಕೆಂದು ಬರೆದವರು. ಈರ್ವರೂ ಸೇರಿ, ಮಗ್ಗುಲಾಗಿ ಮಲಗಿದ ಮೆಟ್ಟಿಲಸಾಲಿನ ಆಕಾರವನ್ನು ಹಿಮರಾಶಿಯೊಳಗೆ ಪೊಳ್ಳಾಗಿ ಮೂಡಿಸಿದರು. ನೋಡುಗರು ಅದರೊಳಗೆ ನಡೆದು ಹೋಗಬಹುದಿತ್ತು. ಏರಲು ಬಾರದ ಮೆಟ್ಟಿಲು!

ಒತ್ತಿ ತುಂಬಿದ ಹಿಮದ ಹರಳುಗಳು ತಾವಾಗಿಯೇ ಬೆಸೆದುಕೊಂಡು ಗಟ್ಟಿಯಾಗುತ್ತವೆ. ನಡುವೆ ಸೆರೆಯಾದ ಗಾಳಿ ಹೊರಗಿನ ಕೊರೆತವನ್ನು ತಡೆಯುತ್ತದೆ, ಸದ್ದನ್ನು ಹೀರುತ್ತದೆ. ಬೇಸಗೆಯಲ್ಲಿ ನಮ್ಮ ದಪ್ಪ ಮಣ್ಣಿನ ಗೋಡೆ, ಬೇರೆ ಬಗೆಯಲ್ಲಿ, ಇಂಥದೇ ಉಪಕಾರ ಮಾಡುತ್ತ ಬಂದಿದೆ. ವಸಂತ ಬಂದೊಡನೆ ಹಿಮಗೃಹ ಕರಗುವುದೆಂದು ಕಟ್ಟಿದವರಿಗೆ ಮೊದಲೇ ತಿಳಿದಿತ್ತು. ಆದ್ದರಿಂದಲೇ ಅವರು ಆಕಾರದ ವಿಷಯದಲ್ಲಿ ಅಷ್ಟು ಎಚ್ಚರ ವಹಿಸಿದರೆಂದು ನಮ್ಮ ಊಹೆ.

ಹಳೆಯ ಕೊಠಡಿಯನ್ನು ಉಳಿಸಿರೆಂದು ನಾವು ಹಠ ಹಿಡಿಯುವುದಿಲ್ಲ. ತೊಲೆಗಳಿಗೆ ಗೆದ್ದಲು ಹಿಡಿದಿದೆ. ಮಕ್ಕಳ ತಲೆಯ ಮೇಲೆ ಅಂಥ ಮಾಳಿಗೆ ಇರಕೂಡದು. ಆದರೆ 1956ರಲ್ಲಿ ರಾಜ್ಯದ ಗೆರೆ ಬದಲಾದಾಗಲೂ, 2014ರಲ್ಲಿ ಮತ್ತೊಮ್ಮೆ ಬದಲಾದಾಗಲೂ, ಕನ್ನಡ ವರ್ಣಮಾಲೆಯ ಒಕ್ಕೊರಲು ಕೇಳುತ್ತಿದ್ದುದು ಆ ನಾಲ್ಕು ಗೋಡೆಗಳ ನಡುವಿನ ಬಯಲಿನಲ್ಲಿಯೇ. ಅದು ಹೋದ ಮೇಲೆ ಛಾಯಾಚಿತ್ರದಲ್ಲಿ ಗೋಡೆಯಷ್ಟೇ ಕಂಡೀತು.

ಆದಕಾರಣ ಆಡಳಿತ ಮಂಡಳಿಯಲ್ಲಿ ನಮ್ಮದೊಂದು ಬಿನ್ನಹ. ಗುದ್ದಲಿ ಬೀಳುವ ಮುನ್ನ ಏಳನೆಯ ತರಗತಿಯ ಮಕ್ಕಳು ಆ ಕೊಠಡಿಯ ಒಳಗನ್ನು ಅಳೆಯಲಿ: ಗೂಡುಗಳ ಆಳ, ಹೊಸ್ತಿಲ ಸವೆತ, ಕಿಟಕಿಯ ಎತ್ತರ. ಆ ಅಳತೆಯನ್ನು ಕಿರಿದಾಗಿಸಿ, ಒಳಬಯಲಿನ ಅಚ್ಚನ್ನು ಜೇಡಿಮಣ್ಣಿನಲ್ಲಿ ರೂಪಿಸಲಿ. ಚಿತ್ರಕಲೆಯ ಮೇಷ್ಟ್ರೂ ಕಟ್ಟಡದ ಮೇಸ್ತ್ರಿಯೂ ಅವರ ಜೊತೆ ಕೂರಲಿ. ಮಣ್ಣು ಕೆರೆಯಲ್ಲಿದೆ, ಅಳತೆಪಟ್ಟಿಯನ್ನು ನಾವೇ ತಂದಿದ್ದೇವೆ.